ಆಜ್ಟೆಕ ಜನಾಂಗವೂ ಬಿಜಾಪುರ ಸೀಮೆಯೂ: ಸಂಬಂಧವಿಚಾರ

೧. ವಿಷಯೋಪಕ್ರಮ

ವಿಜಯಪುರದಿಂದ ದಕ್ಷಿಣಾಭಿಮುಖವಾಗಿ ಕೃಷ್ಣಾನದಿಯ ಕಡೆಗೆ ಸಾಗುವ ಹೆದ್ದಾರಿಯಲ್ಲಿ ಬಸವನ ಬಾಗೇವಾಡಿ ಸೀಮೆಯ ಗೊಳಸಂಗಿ ಎಂಬ ಊರು ದೊರೆಯುವುದು. ಎರೆಯ ಭೂಮಿ, ಬಿಳಿಜೋಳದ ಬೆಳೆ, ವಿರಳವಾದ ಮಳೆ ಇವು ಈ ಪ್ರಾಂತದ ಲಕ್ಷಣಗಳು. ಇಲ್ಲಿಯ ಒಕ್ಕಲಿಗನು ಮಧ್ಯಾಹ್ನದಲ್ಲಿ ಬುತ್ತಿಯನ್ನು ಬಿಚ್ಚಿದಾಗ ಜೋಳದ ರೊಟ್ಟಿ, ಕೆಂಪು ಖಾರ, ಶೇಂಗಾ ಹಿಂಡಿ ಇವು ಕಾಣುವುವು. ಹೊಲದ ಬದುವಿನಲ್ಲಿ ಕತ್ತಾಳೆಯೂ ಪಾಪಾಸುಕಳ್ಳಿಯೂ, ನೀರಾವರಿಯ ಪಟ್ಟಿಯಲ್ಲಿ ಗೋವಿನಜೋಳವೂ, ಹಿತ್ತಿಲಲ್ಲಿ ಚೆಂಡುಹೂವೂ ಈ ಸೀಮೆಯಲ್ಲಿ ಯಾರಿಗೂ ಹೊಸವಲ್ಲ. ಆದರೆ ಇವುಗಳಲ್ಲಿ ಬಿಳಿಜೋಳವೊಂದನ್ನು ಬಿಟ್ಟರೆ ಉಳಿದ ಯಾವುದೂ ಬಸವೇಶ್ವರನು ಬಾಗೇವಾಡಿಯಲ್ಲಿ ಜನಿಸಿದ ಹನ್ನೆರಡನೆಯ ಶತಮಾನದಲ್ಲಿ ಈ ನೆಲದಲ್ಲಿರಲಿಲ್ಲ. ಇವೆಲ್ಲವೂ ಅಮೇರಿಕಾ ಖಂಡದಿಂದ ಬಂದವು. ಇವುಗಳಲ್ಲಿ ಹೆಚ್ಚಿನವುಗಳ ತೌರು ಮೆಕ್ಸಿಕೋ ದೇಶ. ಆ ದೇಶದಲ್ಲಿ ಇವನ್ನು ಉತ್ತು ಬಿತ್ತಿ, ಉಂಡು, ದೇವರಿಗೆ ಅರ್ಪಿಸಿ ಬದುಕಿದವರಲ್ಲಿ ಕಡೆಯ ಮಹಾರಾಜ್ಯವನ್ನು ಕಟ್ಟಿದವರು ಆಜ್ಟೆಕರು.

ಈ ಜನಾಂಗಕ್ಕೂ ಭರತಖಂಡಕ್ಕೂ ಇರುವ ಸಂಬಂಧವನ್ನು ಕುರಿತು ಎರಡು ಬಗೆಯ ಮಾತುಗಳು ಕೇಳಿಬರುತ್ತವೆ. ಆಜ್ಟೆಕರು ಪುರಾತನಕಾಲದಲ್ಲಿ ಇಲ್ಲಿಂದಲೇ ಹೋದವರು, ಅವರ ದೇವತೆಗಳೂ ಯುಗಕಲ್ಪನೆಯೂ ಆಟಪಾಟಗಳೂ ನಮ್ಮವೇ ಎಂಬುದು ಒಂದು. ಚಮನ್‌ಲಾಲ್ ಎಂಬ ಲೇಖಕರು ೧೯೪೦ರಲ್ಲಿ ‘ಹಿಂದೂ ಅಮೇರಿಕಾ’ ಎಂಬ ಗ್ರಂಥವನ್ನು ಪ್ರಕಟಿಸಿದಂದಿನಿಂದ ಈ ಮಾತು ಬಹಳ ಪ್ರಚಾರಕ್ಕೆ ಬಂದಿದೆ. ಎರಡು ದೇಶಗಳಿಗೂ ಯಾವ ಸಂಬಂಧವೂ ಇಲ್ಲವೆಂಬುದು ಇನ್ನೊಂದು. ವಿಚಾರಿಸಿ ನೋಡಿದರೆ ಎರಡೂ ನಿಲ್ಲುವುದಿಲ್ಲ. ಸಂಬಂಧವುಂಟು, ಅದು ಹದಿನಾರನೆಯ ಶತಮಾನದ್ದು, ಸಸ್ಯಗಳ ಮೂಲಕ ಆದದ್ದು, ಅದರಲ್ಲಿ ಸಾಲಗಾರರು ನಾವು. ಇದನ್ನು ಸಾಧಿಸುವುದಕ್ಕೆ ಮೊದಲು ಆ ಜನರು ಯಾರೆಂಬುದನ್ನು ಸಂಗ್ರಹವಾಗಿ ಹೇಳುವುದು ಯುಕ್ತವಾಗಿದೆ.

೨. ಆಜ್ಟೆಕರ ಚರಿತ್ರೆ

ಆಜ್ಟೆಕರು ತಮ್ಮನ್ನು ‘ಮೆಶೀಕ’ರೆಂದು ಕರೆದುಕೊಳ್ಳುತ್ತಿದ್ದರು, ಮೆಕ್ಸಿಕೋ ಎಂಬ ದೇಶನಾಮವು ಅದರಿಂದ ಹುಟ್ಟಿದುದು. ಅವರ ಭಾಷೆಯ ಹೆಸರು ನಹುವಾತ್ಲ. ಉತ್ತರದಿಕ್ಕಿನ ಆಸ್ತ್ಲಾನ್ ಎಂಬ ಸ್ಥಳದಿಂದ ಕುಲದೇವತೆಯಾದ ಉಯಿತ್ಸಿಲೊಪೊಚ್ತ್ಲಿಯ ಅಪ್ಪಣೆಯಂತೆ ಹೊರಟು, ಬಂಡೆಯ ಮೇಲೆ ಬೆಳೆದ ಪಾಪಾಸುಕಳ್ಳಿಯ ಮೇಲೆ ಗರುಡಪಕ್ಷಿಯು ಕುಳಿತಿರುವುದನ್ನು ಕಂಡ ಸ್ಥಳದಲ್ಲಿ ಊರು ಕಟ್ಟಿದರೆಂಬುದು ಅವರ ಐತಿಹ್ಯ. ಟೆಶ್ಕೋಕೊ ಸರೋವರದ ನಡುವಣ ಆ ದ್ವೀಪದಲ್ಲಿ ಕ್ರಿ.ಶ. ೧೩೨೫ರಲ್ಲಿ ತೆನೊಚ್ತಿತ್ಲಾನ್ ನಗರವು ಸ್ಥಾಪಿತವಾಯಿತೆಂದು ಪರಂಪರೆಯು ಹೇಳುತ್ತದೆ. ‘ತೆತ್ಲ್’ ಎಂದರೆ ಕಲ್ಲು, ‘ನೊಚ್ತ್ಲಿ’ ಎಂದರೆ ಕಳ್ಳಿಯ ಹಣ್ಣು. ನಗರದ ಹೆಸರಿನಲ್ಲಿಯೇ ಈ ಎರಡೂ ಅಡಗಿವೆ. ವಿಜಯನಗರದ ಸಂಸ್ಥಾಪನೆಗೂ ಇದಕ್ಕೂ ಕೇವಲ ಹತ್ತು ಹನ್ನೊಂದು ವರ್ಷಗಳ ಅಂತರವೆಂಬುದನ್ನು ವಾಚಕರು ಗಮನಿಸಬಹುದು.

ಮೊದಲು ಪರಾಧೀನರಾಗಿದ್ದ ಈ ಜನರು ೧೪೨೮ರಲ್ಲಿ, ಇತ್ಸ್‌ಕೋವಾತ್ಲನ ಆಳಿಕೆಯಲ್ಲಿ, ಟೆಶ್ಕೋಕೊ ಮತ್ತು ತ್ಲಾಕೋಪಾನ್ ಪಟ್ಟಣಗಳೊಡನೆ ಸೇರಿ ಅಸ್ಕಾಪೊತ್ಸಾಲ್ಕೊ ರಾಜ್ಯವನ್ನು ಮುರಿದು ಮೂರು ನಗರಗಳ ಒಕ್ಕೂಟವನ್ನು ರಚಿಸಿದರು. ಮುಂದಿನ ತೊಂಬತ್ತು ವರ್ಷಗಳಲ್ಲಿ ಈ ಒಕ್ಕೂಟವು ಪೂರ್ವ ಸಮುದ್ರದಿಂದ ಪಶ್ಚಿಮ ಸಮುದ್ರದವರೆಗೆ ಹಬ್ಬಿತು. ಗೆದ್ದ ನಾಡುಗಳನ್ನು ಅವರು ಬಹುಮಟ್ಟಿಗೆ ಆಯಾ ಅರಸರ ಕೈಯಲ್ಲಿಯೇ ಬಿಟ್ಟು ಕಪ್ಪವನ್ನು ಮಾತ್ರ ಎತ್ತುತ್ತಿದ್ದರು. ೧೫೪೧ರ ಸುಮಾರಿನಲ್ಲಿ ಚಿತ್ರಿತವಾಗಿ ಈಗ ಆಕ್ಸ್‌ಫರ್ಡಿನ ಪುಸ್ತಕಭಂಡಾರದಲ್ಲಿರುವ ಮೆಂಡೋಸಾ ಪುಸ್ತಕದಲ್ಲಿ ಯಾವ ನಾಡು ಎಷ್ಟು ಗೋವಿನಜೋಳ, ಎಷ್ಟು ಅವರೆಯ ಜಾತಿಯ ಕಾಳು, ಎಷ್ಟು ಮೆಣಸಿನಕಾಯಿಯ ಹೊರೆ, ಎಷ್ಟು ಹತ್ತಿಯ ಬಟ್ಟೆ, ಎಷ್ಟು ಕೋಕೋ ಬೀಜಗಳನ್ನು ಒಪ್ಪಿಸಬೇಕೆಂಬುದು ಚಿತ್ರಲಿಪಿಯಲ್ಲಿ ಲೆಕ್ಕವಾಗಿದೆ. ಕೋಕೋ ಬೀಜವೇ ಅವರಲ್ಲಿ ಕಿರುನಾಣ್ಯವಾಗಿಯೂ ನಡೆಯುತ್ತಿತ್ತು.

ನಗರವು ನೀರಿನ ನಡುವೆ ಇದ್ದುದರಿಂದ ದಂಡೆಯವರೆಗೆ ಕಟ್ಟೆದಾರಿಗಳನ್ನು ಹಾಕಿದ್ದರು. ಚಪುಲ್ತೆಪೆಕ್ ಗುಡ್ಡದ ಬುಗ್ಗೆಯಿಂದ ಕಾಲುವೆಯಲ್ಲಿ ಸಿಹಿನೀರನ್ನು ತಂದಿದ್ದರು. ತಗ್ಗಾದ ನೀರಿನಲ್ಲಿ ಜೊಂಡು ಮತ್ತು ಕೆಸರನ್ನು ಒಡ್ಡಿ, ಅಂಚಿಗೆ ಮರಗಳನ್ನು ನೆಟ್ಟು, ‘ಚಿನಾಂಪ’ ಎಂಬ ಮಡಿಗಳನ್ನು ನಿರ್ಮಿಸಿ ವರ್ಷಕ್ಕೆ ಹಲವು ಬೆಳೆಗಳನ್ನು ತೆಗೆಯುತ್ತಿದ್ದರು. ಇಂತಹ ಮಡಿಗಳು ಶೋಚಿಮಿಲ್ಕೊ ಎಂಬಲ್ಲಿ ಇಂದಿಗೂ ಉಂಟು. ಎತ್ತು, ಕುದುರೆ, ಕತ್ತೆ ಯಾವುದೂ ಅವರಲ್ಲಿರಲಿಲ್ಲ, ಬಂಡಿಯಿರಲಿಲ್ಲ, ಕಬ್ಬಿಣವಿರಲಿಲ್ಲ. ಹೊರೆಯೆಲ್ಲವೂ ಮನುಷ್ಯನ ಬೆನ್ನಿನ ಮೇಲೆ ಅಥವಾ ದೋಣಿಯಲ್ಲಿ ಸಾಗುತ್ತಿತ್ತು. ಅಷ್ಟಾದರೂ ಒಂದು ಲಕ್ಷಕ್ಕೆ ಕಡಮೆಯಿಲ್ಲದ ಜನರು ಆ ನಗರದಲ್ಲಿ ವಾಸಿಸುತ್ತಿದ್ದರೆಂದು ಅನೇಕ ವಿದ್ವಾಂಸರ ಎಣಿಕೆ.

ಬಾಲಕರಿಗೆ ವಿದ್ಯಾಶಾಲೆಗಳು ಎರಡು ವಿಧವಾಗಿದ್ದುವು. ‘ಕಲ್ಮೆಕಾಕ್’ ಎಂಬುದು ಪುರೋಹಿತರಿಗೂ ಶ್ರೀಮಂತರ ಮಕ್ಕಳಿಗೂ. ‘ತೆಲ್ಪೊಚ್ಕಲ್ಲಿ’ ಎಂಬುದು ಸಾಮಾನ್ಯರ ಮಕ್ಕಳಿಗೆ. ವಾಕ್ಶುದ್ಧಿಗೆ ಅವರು ಬಹಳ ಬೆಲೆ ಕೊಡುತ್ತಿದ್ದರು. ಅವರ ಭಾಷೆಯ ಒಂದು ವಿಶೇಷವು ವೈಯಾಕರಣರಿಗೆ ರುಚಿಸತಕ್ಕದ್ದು. ಎರಡು ನಾಮಗಳನ್ನು ಜೊತೆಯಾಗಿ ಹೇಳಿ ಮೂರನೆಯದೊಂದು ಅರ್ಥವನ್ನು ಸೂಚಿಸುವ ಪದ್ಧತಿಯು ಅದರಲ್ಲಿ ಹೇರಳವಾಗಿದೆ. ‘ಹೂವು, ಹಾಡು’ ಎಂದರೆ ಕಾವ್ಯ. ‘ನೀರು, ಬೆಟ್ಟ’ ಎಂದರೆ ಊರು ಅಥವಾ ರಾಜ್ಯ. ಕನ್ನಡದಲ್ಲಿ ‘ಹೊಲಮನೆ’ ಎಂದಾಗ ಹೊಲವನ್ನೂ ಮನೆಯನ್ನೂ ಮೀರಿದ ಬದುಕೆಂಬ ಅರ್ಥವು ಹೊರಡುವುದಷ್ಟೆ. ಅದೇ ರೀತಿ ಎಂದು ತಿಳಿಯಬೇಕು.

ಈ ರಾಜ್ಯದ ಪತನವು ಅತಿ ಶೀಘ್ರವಾಗಿ ಆಯಿತು. ಸ್ಪೇನ್ ದೇಶದ ಎರ್ನಾನ್ ಕೊರ್ತೆಸ್ ಎಂಬವನು ೧೫೧೯ರ ನವೆಂಬರ್ ೮ರಂದು ತೆನೊಚ್ತಿತ್ಲಾನ್ ನಗರವನ್ನು ಹೊಕ್ಕನು. ಎರಡನೆಯ ಮೊಕ್ತೆಸೂಮನು ಆಗ ಅರಸನಾಗಿದ್ದನು. ೧೫೨೦ರಲ್ಲಿ ಆ ಅರಸನು ಸ್ಪೇನಿಗರ ಸೆರೆಯಲ್ಲಿ ಮಡಿದನು. ಅವನ ಉತ್ತರಾಧಿಕಾರಿಯಾದ ಕ್ವಿತ್ಲಾವಾಕನು ಸಿಡುಬಿನಿಂದ ಸತ್ತನು. ಕ್ವಾವ್ತೆಮೋಕನು ನಗರವನ್ನು ರಕ್ಷಿಸುತ್ತಿದ್ದಾಗ ೧೫೨೧ರ ಆಗಸ್ಟ್ ೧೩ರಂದು ಅದು ಶತ್ರುಗಳ ಕೈಸೇರಿತು. ಸ್ಪೇನಿಗರು ಕೆಲವು ನೂರು ಮಂದಿ ಮಾತ್ರ. ಅವರ ಪಕ್ಷದಲ್ಲಿ ಕಾದಿದ ಸಹಸ್ರಾವಧಿ ಯೋಧರು ಆಜ್ಟೆಕರ ಕಪ್ಪದಿಂದಲೂ ದಂಡಯಾತ್ರೆಗಳಿಂದಲೂ ಬೇಸತ್ತ ತ್ಲಾಶ್ಕಾಲ ಮೊದಲಾದ ನೆರೆಯ ನಾಡಿನವರು. ಎಲ್ಲಕ್ಕಿಂತ ದೊಡ್ಡ ಶತ್ರುವು ಸಿಡುಬು. ಆ ರೋಗವನ್ನು ಹಿಂದೆಂದೂ ಕಾಣದ ಜನರಲ್ಲಿ ಅದನ್ನು ತಡೆಯುವ ಶಕ್ತಿಯಿರಲಿಲ್ಲ.

ಅದೇ ಕಾಲದಲ್ಲಿ ಕರ್ಣಾಟಕದಲ್ಲಿ ನಡೆಯುತ್ತಿದ್ದುದನ್ನು ಸ್ಮರಿಸುವುದು ಇಲ್ಲಿ ಪ್ರಯೋಜನಕರ. ೧೫೧೦ರಲ್ಲಿ ಪೋರ್ತುಗೀಜರು ಬಿಜಾಪುರದ ಆದಿಲಶಾಹಿಯಿಂದ ಗೋವೆಯನ್ನು ಕಸಿದುಕೊಂಡರು. ೧೫೨೦ರಲ್ಲಿ ಕೃಷ್ಣದೇವರಾಯನು ರಾಯಚೂರಿನಲ್ಲಿ ಇಸ್ಮಾಯಿಲ್ ಆದಿಲಶಹನನ್ನು ಸೋಲಿಸಿದನು. ಆ ಮುತ್ತಿಗೆಯಲ್ಲಿ ಪೋರ್ತುಗೀಜ ಕೋವಿಕಾರರು ಅವನಿಗೆ ನೆರವಾದರು. ಕೊರ್ತೆಸನ ಸಂಗಡಿಗರು ತೆನೊಚ್ತಿತ್ಲಾನ್ ನಗರವನ್ನು ಕಂಡು ಬೆರಗಾದ ಕಾಲದಲ್ಲಿಯೇ ಪೋರ್ತುಗೀಜನಾದ ದೊಮಿಂಗೊ ಪಾಯಸನು ವಿಜಯನಗರವನ್ನು ಕಂಡು ಬೆರಗಾಗಿ ಬರೆದನು. ೧೫೬೫ರ ಜನವರಿ ೨೩ರಂದು ಮುದ್ದೇಬಿಹಾಳ ಸೀಮೆಯ ರಕ್ಕಸಗಿ ತಂಗಡಗಿಗಳ ಬಳಿ ನಡೆದ ಯುದ್ಧದ ತರುವಾಯ ಆ ನಗರವೂ ಹಾಳಾಯಿತು. ಆದಕಾರಣ ಎರಡು ಲೋಕಗಳನ್ನು ಜೋಡಿಸಿದ ಸೂತ್ರವು ಯಾವುದೆಂದರೆ, ಐರೋಪ್ಯರ ಹಡಗು. ಈ ಅಂಶವನ್ನು ಮುಂದಿನ ವಿಚಾರಕ್ಕೆ ನೆನಪಿನಲ್ಲಿಡಬೇಕು.

೩. ಕಾಲಗಣನೆ

ಆಜ್ಟೆಕರ ಪಾಂಡಿತ್ಯವು ವಿಶೇಷವಾಗಿ ಪ್ರಕಾಶಿಸುವುದು ಅವರ ಕಾಲಗಣನೆಯಲ್ಲಿ. ಈ ಪದ್ಧತಿಯು ಅವರಿಗಿಂತ ಎಷ್ಟೋ ಹಿಂದಿನಿಂದ ಆ ಪ್ರಾಂತದಲ್ಲೆಲ್ಲ ರೂಢಿಯಲ್ಲಿದ್ದು ಅವರಿಗೆ ಪರಂಪರೆಯಾಗಿ ಬಂದದ್ದು. ಅವರು ಎಣಿಸುತ್ತಿದ್ದುದು ಇಪ್ಪತ್ತರ ಲೆಕ್ಕದಿಂದ. ಮೊಸಳೆ, ಗಾಳಿ, ಮನೆ, ಹಲ್ಲಿ ಎಂದು ಮೊದಲಾಗಿ ಇಪ್ಪತ್ತು ದಿನನಾಮಗಳು. ಅವುಗಳೊಡನೆ ಒಂದರಿಂದ ಹದಿಮೂರರವರೆಗೆ ಸಂಖ್ಯೆಗಳು. ನಮ್ಮ ಪಂಚಾಂಗದಲ್ಲಿ ವಾರಚಕ್ರವು ಒಂದು ಕಡೆಯಿಂದ, ನಕ್ಷತ್ರಚಕ್ರವು ಇನ್ನೊಂದು ಕಡೆಯಿಂದ, ಒಂದನ್ನೊಂದು ಕಾಯದೆ ತಿರುಗುವಂತೆ ಈ ಎರಡು ಚಕ್ರಗಳೂ ತಿರುಗುವುವು. ಆದ್ದರಿಂದ ಒಂದೇ ಸಂಖ್ಯೆಯೂ ಒಂದೇ ಹೆಸರೂ ಮತ್ತೆ ಕೂಡುವುದಕ್ಕೆ ೨೬೦ ದಿನಗಳು ಬೇಕು. ಇದು ಶಕುನಫಲಗಳನ್ನು ನೋಡುವುದಕ್ಕೂ ಮಗುವಿಗೆ ಹೆಸರಿಡುವುದಕ್ಕೂ ಉಪಯೋಗಿಸುವ ವರ್ಷ.

ಬೇಸಾಯಕ್ಕೂ ಹಬ್ಬಗಳಿಗೂ ಬೇರೊಂದು ವರ್ಷವಿತ್ತು. ಅದರಲ್ಲಿ ಇಪ್ಪತ್ತು ದಿನಗಳ ಹದಿನೆಂಟು ತಿಂಗಳುಗಳು, ಕೊನೆಯಲ್ಲಿ ಅಶುಭವೆಂದು ಎಣಿಸಿದ ಐದು ದಿನಗಳು, ಒಟ್ಟು ೩೬೫. ಈ ವರ್ಷಕ್ಕೆ ಹೆಸರಿಡುವ ಕ್ರಮವು ಚಮತ್ಕಾರವಾಗಿದೆ. ೩೬೫ನ್ನು ಇಪ್ಪತ್ತರಿಂದ ಭಾಗಿಸಿದರೆ ಐದು ಉಳಿಯುವುದರಿಂದ, ವರ್ಷಕ್ಕೆ ಹೆಸರು ಕೊಡುವ ದಿನವು ಪ್ರತಿಸಲವೂ ಐದು ಮನೆ ಮುಂದಕ್ಕೆ ಸರಿದು ಜೊಂಡು, ಚಕಮಕಿಕಲ್ಲು, ಮನೆ, ಮೊಲ ಎಂಬ ನಾಲ್ಕೇ ಹೆಸರುಗಳಲ್ಲಿ ಸುತ್ತುವುದು. ಹದಿಮೂರರಿಂದ ಭಾಗಿಸಿದರೆ ಒಂದು ಉಳಿಯುವುದರಿಂದ ಸಂಖ್ಯೆಯು ವರ್ಷಕ್ಕೆ ಒಂದರಂತೆ ಏರುವುದು. ನಾಲ್ಕನ್ನು ಹದಿಮೂರರಿಂದ ಗುಣಿಸಿದರೆ ಐವತ್ತೆರಡು; ಅಷ್ಟು ವರ್ಷಗಳಿಗೆ, ಎಂದರೆ ೧೮,೯೮೦ ದಿನಗಳಿಗೆ, ಚಕ್ರವು ಪೂರ್ತಿಯಾಗುವುದು. ಕೊರ್ತೆಸನು ಬಂದ ವರ್ಷವು ‘ಒಂದು ಜೊಂಡು’, ನಗರವು ಬಿದ್ದ ವರ್ಷವು ‘ಮೂರು ಮನೆ’.

ಐವತ್ತೆರಡು ವರ್ಷಗಳು ತುಂಬಿದಾಗ ದೇಶದಲ್ಲಿದ್ದ ಬೆಂಕಿಯನ್ನೆಲ್ಲ ಆರಿಸಿ, ಬೆಟ್ಟದ ಮೇಲೆ ಪುರೋಹಿತರು ಮಧ್ಯರಾತ್ರಿಯಲ್ಲಿ ಕೃತ್ತಿಕಾಪುಂಜವು ನೆತ್ತಿಯನ್ನು ದಾಟುವುದೋ ಇಲ್ಲವೋ ಎಂದು ಕಾದು ನೋಡಿ, ದಾಟಿದರೆ ಲೋಕವು ಮುಂದುವರಿಯುವುದೆಂದು ನಿಶ್ಚಯಿಸಿ, ಅಗ್ನಿಯನ್ನು ಮಥಿಸಿ ಮನೆಮನೆಗೆ ಹಂಚುತ್ತಿದ್ದರು. ಈ ನವಾಗ್ನಿ ಮಹೋತ್ಸವವು ಕೊನೆಯ ಸಲ ನಡೆದುದು ೧೫೦೭ರಲ್ಲಿ.

ಈ ಜಗತ್ತಿಗೆ ಮುಂಚೆ ನಾಲ್ಕು ಸೂರ್ಯಯುಗಗಳು ಕಳೆದುವೆಂದೂ, ವ್ಯಾಘ್ರ, ವಾಯು, ಅಗ್ನಿವೃಷ್ಟಿ, ಜಲ ಇವುಗಳಿಂದ ಕ್ರಮವಾಗಿ ನಾಶವಾದುವೆಂದೂ, ಈಗಿನದು ಐದನೆಯದು, ಅದು ಭೂಕಂಪದಿಂದ ಅಳಿಯುವುದೆಂದೂ ಅವರು ನಂಬಿದ್ದರು. ದೇವತೆಗಳು ತಮ್ಮನ್ನು ತಾವೇ ಬಲಿಗೊಟ್ಟುದರಿಂದ ಈ ಸೂರ್ಯನು ಚಲಿಸತೊಡಗಿದನು. ಆದುದರಿಂದ ಮನುಷ್ಯರು ರಕ್ತದಿಂದ ಆ ಋಣವನ್ನು ತೀರಿಸಬೇಕೆಂಬುದು ಅವರ ಮತ. ನರಬಲಿಗೆ ಇದೇ ಮೂಲ. ಇದನ್ನು ಸ್ಪೇನಿಗರು ಉತ್ಪ್ರೇಕ್ಷಿಸಿದರೆಂಬುದು ಸಂಭಾವ್ಯವಾದರೂ ಕಲ್ಪಿಸಿದರೆಂದು ಹೇಳಲಾಗದು. ಮೆಕ್ಸಿಕೋ ನಗರದ ಮಹಾದೇವಾಲಯದ ಸಮೀಪದಲ್ಲಿ ೨೦೧೫ರಲ್ಲಿ ಬೆಳಕಿಗೆ ಬಂದ ಕಪಾಲಪಂಕ್ತಿಯು ಅದಕ್ಕೆ ಪ್ರತ್ಯಕ್ಷ ಪ್ರಮಾಣ. ಒಂದು ಜನಾಂಗದ ಗುಣವನ್ನು ಹೇಳುವಾಗ ದೋಷವನ್ನು ಮುಚ್ಚುವುದು ಚರಿತ್ರಕಾರನ ಧರ್ಮವಲ್ಲ.

೪. ಸಾಮ್ಯವಿಚಾರ

ಇನ್ನು ಆಜ್ಟೆಕರು ಭಾರತೀಯರೇ ಎಂಬ ವಾದವನ್ನು ಪರೀಕ್ಷಿಸೋಣ. ವಾದಿಗಳು ಮುಂದಿಡುವ ಹೇತುಗಳಲ್ಲಿ ಯುಗಕಲ್ಪನೆ, ಪಗಡೆಯಾಟ, ಹೊಯ್ಸಳ ಶಿಲ್ಪ ಈ ಮೂರು ಮುಖ್ಯವಾದುವು.

ಯುಗಗಳಲ್ಲಿ ಹೆಸರಿನ ಸಾಮ್ಯವೂ ಇಲ್ಲ, ಸಂಖ್ಯೆಯ ಸಾಮ್ಯವೂ ಇಲ್ಲ. ನಮ್ಮಲ್ಲಿ ಯುಗಗಳು ನಾಲ್ಕು, ಅವುಗಳ ಪರಿಮಾಣವು ೪, ೩, ೨, ೧ ಎಂಬ ಅನುಪಾತದಲ್ಲಿ ಇಳಿಯುವುದು, ಅದರೊಡನೆ ಧರ್ಮವೂ ಕ್ಷೀಣಿಸುವುದು. ಅವರಲ್ಲಿ ಸೂರ್ಯಯುಗಗಳು ಐದು; ಧರ್ಮದ ಇಳಿತದ ಮಾತೇ ಇಲ್ಲ; ಪ್ರತಿಯೊಂದು ಸೃಷ್ಟಿಯೂ ಬೇರೆ ಬೇರೆ ಉತ್ಪಾತದಿಂದ ಅಳಿಯುವುದು.

ವರ್ಷಚಕ್ರದ ವಿಷಯದಲ್ಲಿ ಒಂದು ಸ್ವಾರಸ್ಯವುಂಟು. ದಕ್ಷಿಣದ ರೂಢಿಯ ಷಷ್ಟಿಸಂವತ್ಸರಚಕ್ರದ ಪ್ರಭವವು ಶಾಲಿವಾಹನ ಶಕ ೧೪೨೯ರಲ್ಲಿ, ಎಂದರೆ ಕ್ರಿ.ಶ. ೧೫೦೭ರಲ್ಲಿ, ಬಂದಿತು. ಆಜ್ಟೆಕರು ಕೊನೆಯ ನವಾಗ್ನಿಯನ್ನು ಹೊತ್ತಿಸಿದುದೂ ಅದೇ ವರ್ಷ. ಸಾಮ್ಯವನ್ನೇ ಪ್ರಮಾಣವೆಂದು ಹಿಡಿಯುವವರಿಗೆ ಇದಕ್ಕಿಂತ ಸೊಗಸಾದ ಸಾಮ್ಯವು ದೊರೆಯಲಾರದು. ಆದರೆ ಇದರ ಮುಂದಿನ ನವಾಗ್ನಿಯ ವರ್ಷವು ೧೫೫೯, ಪ್ರಭವವು ೧೫೬೭. ಎರಡೂ ಆಗಲೇ ಅಗಲಿದುವು. ನಮ್ಮ ಅರುವತ್ತು ಬೃಹಸ್ಪತಿಯ ಐದು ಪರಿಭ್ರಮಣಗಳಿಂದ ಬಂದುದು. ಅವರ ಐವತ್ತೆರಡು ಯಾವ ಗ್ರಹದ ಗತಿಯಿಂದಲೂ ಬಂದುದಲ್ಲ, ೨೬೦ ಮತ್ತು ೩೬೫ ದಿನಗಳ ಚಕ್ರಗಳ ಕೂಡಿಕೆಯಿಂದ ಬಂದುದು. ಹುಳುವು ಮರವನ್ನು ಕೊರೆದಾಗ ಅಕ್ಷರವೊಂದು ಮೂಡಿದಂತೆ ಕಂಡರೆ ಹುಳುವಿಗೆ ಲಿಪಿಜ್ಞಾನವುಂಟೆಂದು ಯಾರೂ ಹೇಳುವುದಿಲ್ಲ. ಘುಣಾಕ್ಷರನ್ಯಾಯವೆಂದರೆ ಇದೇ.

ಪಗಡೆಯ ವಿಚಾರವು ಇದಕ್ಕಿಂತ ಗಂಭೀರವಾದುದು. ಮೆಕ್ಸಿಕೋದಲ್ಲಿ ‘ಪತೊಲ್ಲಿ’ ಎಂಬ ಆಟವಿತ್ತು. ಚಾಪೆಯ ಮೇಲೆ ನಾಲ್ಕು ತೋಳಿನ ಹಾಸನ್ನು ಬರೆದು, ಗುರುತು ಮಾಡಿದ ಕಾಳುಗಳನ್ನು ಎಸೆದು, ಕಾಯಿಗಳನ್ನು ನಡೆಸಿ, ಮೈಮೇಲಣ ಬಟ್ಟೆಯವರೆಗೆ ಪಣವೊಡ್ಡುತ್ತಿದ್ದರು. ಇಂಗ್ಲೆಂಡಿನ ಮಾನವಶಾಸ್ತ್ರಜ್ಞನಾದ ಟೈಲರನು ೧೮೭೯ರಲ್ಲಿ ಪ್ರಕಟವಾದ ಪ್ರಬಂಧದಲ್ಲಿ ಇದು ಪಚ್ಚೀಸಿಯಿಂದ ಹುಟ್ಟಿರಬಹುದೆಂದು ವಾದಿಸಿದನು. ಆದರೆ ಪಗಡೆಯ ಹಾಸಿನಲ್ಲಿ ತೋಳಿಗೆ ಮೂರು ಸಾಲಿನಂತೆ ೯೬ ಮನೆಗಳು. ಪತೊಲ್ಲಿಯ ಹಾಸಿನಲ್ಲಿ ತೋಳಿಗೆ ಎರಡೇ ಸಾಲು, ಸಾಮಾನ್ಯವಾಗಿ ೫೨ ಮನೆಗಳು. ಆ ಐವತ್ತೆರಡು ಅವರ ವರ್ಷಚಕ್ರದ ಸಂಖ್ಯೆಯೇ ಆಗಿರುವುದರಿಂದ ಆಟವು ಆ ನೆಲದಲ್ಲಿಯೇ ಹುಟ್ಟಿತೆನ್ನುವುದು ಸಹಜ. ದಿಕ್ಕುಗಳು ನಾಲ್ಕು ಎಂಬುದನ್ನು ಬಲ್ಲ ಯಾವ ಜನರಾದರೂ ನಾಲ್ಕು ತೋಳಿನ ಹಾಸನ್ನು ಕಲ್ಪಿಸಬಲ್ಲರು.

ಮೂರನೆಯದು ಕರ್ಣಾಟಕಕ್ಕೇ ಸೇರಿದುದು. ಸೋಮನಾಥಪುರದ ಹದಿಮೂರನೆಯ ಶತಮಾನದ ಕೇಶವಾಲಯದಲ್ಲಿ ಕೆಲವು ಮೂರ್ತಿಗಳ ಕೈಯಲ್ಲಿ ಕಾಳುಕಾಳಾಗಿ ಕೆತ್ತಿದ ನೀಳವಾದ ಫಲವಿದೆ. ಅದು ಗೋವಿನಜೋಳದ ತೆನೆಯೇ ಎಂದು ೧೯೮೯ರಲ್ಲಿ ಜೊಹಾನೆಸೆನ್ ಮತ್ತು ಪಾರ್ಕರ್ ಎಂಬ ವಿದ್ವಾಂಸರು ಪ್ರತಿಪಾದಿಸಿದರು. ಅದು ಸರಿಯಾದರೆ ಕೊಲಂಬಸನಿಗಿಂತ ಎರಡು ಶತಮಾನ ಮುಂಚೆ ಮೆಕ್ಸಿಕೋದ ಬೆಳೆಯು ಕಾವೇರಿಯ ದಡಕ್ಕೆ ಬಂದಿತ್ತೆಂದಾಗುವುದು. ೧೯೯೩ರಲ್ಲಿ ಪಾಯಕ್ ಮತ್ತು ಸಾಚನ್ ಎಂಬ ಭಾರತೀಯ ತಜ್ಞರು ಇದನ್ನು ಖಂಡಿಸಿ, ಅದು ಮುತ್ತುಗಳಿಂದ ಕೂಡಿದ ಮುಕ್ತಾಫಲವೆಂಬ ಕಾಲ್ಪನಿಕ ಫಲವೆಂದು ತೋರಿಸಿದರು. ಶಿಲ್ಪಿಯ ಕೈಯಲ್ಲಿ ಮಕರವೂ ಕಲ್ಪವೃಕ್ಷವೂ ಮೂಡುವಾಗ ಮುತ್ತಿನ ಹಣ್ಣು ಮೂಡುವುದು ಆಶ್ಚರ್ಯವಲ್ಲ. ಗೋವಿನಜೋಳವು ಹೊಟ್ಟೆ ತುಂಬಿಸುವ ಬೆಳೆ. ಅದು ಇದ್ದಿದ್ದರೆ ದೇವರ ಕೈಯಲ್ಲಿ ಮಾತ್ರ ಕಾಣಿಸಿಕೊಂಡು ಗದ್ದೆ, ಕಣಜ, ದತ್ತಿಶ್ವಾಸನ, ಪಾಕಶಾಸ್ತ್ರ, ನಿಘಂಟುಗಳಲ್ಲಿ ಎಲ್ಲಿಯೂ ಕಾಣದೆ ಇರುವುದು ಹೇಗೆ?

೫. ಸಸ್ಯಸಾಕ್ಷ್ಯ

ಸಂಬಂಧವಿದ್ದಲ್ಲಿ ಅದರ ಚಿಹ್ನೆಯಿರಬೇಕು, ಸಂಬಂಧವಿಲ್ಲದಲ್ಲಿ ಇರಬಾರದು. ತಾರ್ಕಿಕರ ಅನ್ವಯವ್ಯತಿರೇಕಗಳೆಂಬುವು ಇವೇ. ಮನುಷ್ಯನು ದೇಶಾಂತರಕ್ಕೆ ಹೋಗುವಾಗ ಬೀಜವನ್ನೂ ದನವನ್ನೂ ಜೊತೆಗೊಯ್ಯುವನು. ೧೪೯೨ಕ್ಕಿಂತ ಮುಂಚೆ ಮೆಕ್ಸಿಕೋದಲ್ಲಿ ಅಕ್ಕಿಯಿಲ್ಲ, ಬಿಳಿಜೋಳವಿಲ್ಲ, ಕಬ್ಬಿಲ್ಲ, ಹಸುವಿಲ್ಲ, ಕುದುರೆಯಿಲ್ಲ. ಇಲ್ಲಿ ಮೆಣಸಿನಕಾಯಿಯಿಲ್ಲ, ತಂಬಾಕಿಲ್ಲ, ಕತ್ತಾಳೆಯಿಲ್ಲ. ಹತ್ತಿಯು ಎರಡೂ ಕಡೆ ಇತ್ತಾದರೂ ಅವು ಬೇರೆ ಬೇರೆ ಜಾತಿಗಳು. ಸೋರೆಕಾಯಿಯೊಂದು ಉಭಯತ್ರ ಇದ್ದಿತು. ಅದು ನೀರಿನಲ್ಲಿ ತೇಲತಕ್ಕ ಫಲವಾದ್ದರಿಂದ ಅದಕ್ಕೆ ಮನುಷ್ಯನ ಹಡಗು ಬೇಕಿಲ್ಲ. ಐರೋಪ್ಯರ ಹಡಗು ಓಡಾಡತೊಡಗಿದ ಮೇಲೆ ಒಂದು ನೂರು ಚಿಲ್ಲರೆ ವರ್ಷಗಳೊಳಗಾಗಿ ಎರಡು ಕಡೆಯ ವಸ್ತುಗಳೂ ಅದಲುಬದಲಾದುವು. ಸಾವಿರ ವರ್ಷಗಳ ಸಂಬಂಧದಿಂದ ಒಂದು ಬೀಜವೂ ದಾಟಲಿಲ್ಲವೆಂದೂ, ನೂರು ವರ್ಷಗಳಲ್ಲಿ ಎಲ್ಲವೂ ದಾಟಿದುವೆಂದೂ ನಂಬುವುದು ಹೇಗೆ?

ಇಲ್ಲಿಯ ಗ್ರಂಥಗಳೂ ಇದನ್ನೇ ಹೇಳುತ್ತವೆ. ಅಮರಕೋಶದಲ್ಲಿ ಖಾರದ ವಸ್ತುವೆಂದರೆ ಮರಿಚ, ಎಂದರೆ ಕರಿಮೆಣಸು. ಕಲ್ಯಾಣದ ಚಾಲುಕ್ಯ ಚಕ್ರವರ್ತಿಯಾದ ಮೂರನೆಯ ಸೋಮೇಶ್ವರನು ಹನ್ನೆರಡನೆಯ ಶತಮಾನದಲ್ಲಿ ರಚಿಸಿದ ಮಾನಸೋಲ್ಲಾಸದ ಅನ್ನಭೋಗ ಪ್ರಕರಣದಲ್ಲಿ ಭಕ್ಷ್ಯಭೋಜ್ಯಗಳ ವರ್ಣನೆಯು ವಿಸ್ತಾರವಾಗಿದ್ದರೂ ಮೆಣಸಿನಕಾಯಿಯು ಇಲ್ಲ. ಪುರಂದರದಾಸರ ಅಂಕಿತದಲ್ಲಿ ಮೆಣಸಿನಕಾಯಿಯ ಮೇಲಣ ಪದವೊಂದು ಪ್ರಸಿದ್ಧವಾಗಿದೆ. ದಾಸರು ೧೫೬೪ರಲ್ಲಿ ದಿವಂಗತರಾದರೆಂಬುದು ಸಂಪ್ರದಾಯ. ಬಾಯಿಪಾಠದಿಂದ ಬಂದ ಪದದ ಕಾಲವನ್ನು ನಿರ್ಣಯಿಸುವುದು ಕಷ್ಟವಾದರೂ, ಗೋವೆಯಿಂದ ಘಟ್ಟವನ್ನೇರಿ ಬಂದ ಈ ಕಾಯಿಯು ಹದಿನಾರನೆಯ ಶತಮಾನದಲ್ಲಿಯೇ ಜನರ ನಾಲಗೆಯನ್ನು ಗೆದ್ದಿತೆಂಬುದಕ್ಕೆ ಅದು ವಿರುದ್ಧವಾಗಿಲ್ಲ.

ತಂಬಾಕಿನ ವಿಷಯದಲ್ಲಿ ಬಿಜಾಪುರಕ್ಕೇ ಸಂಬಂಧಿಸಿದ ಸ್ಪಷ್ಟವಾದ ದಾಖಲೆಯುಂಟು. ಎರಡನೆಯ ಇಬ್ರಾಹಿಂ ಆದಿಲಶಹನ ಕಾಲದಲ್ಲಿ ಅಕ್ಬರನ ದೂತನಾಗಿ ಬಿಜಾಪುರಕ್ಕೆ ಬಂದ ಅಸದ್ ಬೇಗನು, ಹಿಂದೆ ತಾನು ಕಾಣದಿದ್ದ ತಂಬಾಕನ್ನು ಇಲ್ಲಿ ಕಂಡು, ಅದನ್ನೂ ಸೇದುವ ನಳಿಕೆಯನ್ನೂ ೧೬೦೪ರ ಸುಮಾರಿಗೆ ಆಗ್ರೆಗೆ ಒಯ್ದು ಬಾದಶಹನಿಗೆ ಒಪ್ಪಿಸಿದನೆಂದು ತಾನೇ ಬರೆದಿರುವನು. ಅಮೇರಿಕದ ಸೊಪ್ಪು ಉತ್ತರಹಿಂದೂಸ್ಥಾನದ ಅರಮನೆಗೆ ಹೋದುದು ಬಿಜಾಪುರದಿಂದ ಎಂಬುದು ಈ ಸೀಮೆಯ ಚರಿತ್ರೆಯಲ್ಲಿ ಗಮನಾರ್ಹವಾದ ಸಂಗತಿ.

ದಾಖಲೆಯಿಲ್ಲದ ಕಡೆ ಹೆಸರೇ ದಾಖಲೆಯಾಗುವುದು. ಆಗಂತುಕ ವಸ್ತುಗಳಿಗೆ ಕನ್ನಡಿಗರು ಹೆಸರಿಟ್ಟ ಬಗೆಗಳು ನಾಲ್ಕು. ಮೊದಲನೆಯದು, ಇದ್ದ ವಸ್ತುವಿನ ಹೆಸರಿಗೆ ವಿಶೇಷಣವನ್ನು ಕೂಡಿಸುವುದು: ಮೆಣಸಿನಂತೆ ಖಾರವಾದ ಕಾಯಿಯು ಮೆಣಸಿನಕಾಯಿ, ಜೋಳವನ್ನು ಹೋಲುವುದು ಗೋವಿನಜೋಳ, ಮೆಕ್ಕೆಜೋಳ. ಪೋರ್ತುಗೀಜರೂ ಕರಿಮೆಣಸಿನ ಹೆಸರಾದ ‘ಪಿಮೆಂತ’ವನ್ನೇ ಇದಕ್ಕೆ ಕೊಟ್ಟರು. ಎರಡನೆಯದು, ಆಕಾರದಿಂದ ಹೆಸರಿಸುವುದು: ಚೆಂಡುಹೂವು, ಪಾದರಕ್ಷೆಯಂತೆ ಚಪ್ಪಟೆಯಾದ ಪಾಪಾಸುಕಳ್ಳಿ. ಮೂರನೆಯದು, ಪುರಾಣದ ಹೆಸರನ್ನು ಕೊಡುವುದು: ಸೀತಾಫಲ, ರಾಮಫಲ. ಇವೆರಡೂ ಅಮೇರಿಕದ ಹಣ್ಣುಗಳಾದ್ದರಿಂದ ಪುರಾಣದ ಹೆಸರು ಪ್ರಾಚೀನತೆಗೆ ಪ್ರಮಾಣವಲ್ಲವೆಂಬುದು ಸಿದ್ಧವಾಯಿತು. ನಾಲ್ಕನೆಯದು, ಪರಭಾಷೆಯ ಹೆಸರನ್ನೇ ಸ್ವೀಕರಿಸುವುದು: ಪೋರ್ತುಗೀಜರ ‘ಪೇರ’ದಿಂದ ಪೇರಲ, ‘ಬತಾತ’ದಿಂದ ಬಟಾಟೆ, ‘ತಬಾಕೊ’ದಿಂದ ತಂಬಾಕು. ಆಜ್ಟೆಕರ ನಹುವಾತ್ಲ ಭಾಷೆಯ ‘ತೊಮಾತ್ಲ್’ ಎಂಬುದು ಸ್ಪೇನಿಗರ ಬಾಯಲ್ಲಿ ‘ತೊಮಾತೆ’ಯಾಗಿ, ಇಂಗ್ಲಿಷಿನ ಮೂಲಕ ಇಲ್ಲಿಗೆ ಬಂದು ಟೊಮೆಟೊ ಆಯಿತು, ‘ತ್ಸಪೊತ್ಲ್’ ಎಂಬುದು ಸಪೋಟವಾಯಿತು. ಬಿಜಾಪುರದ ಸಂತೆಯಲ್ಲಿ ತರಕಾರಿ ಮಾರುವವಳು ದಿನವೂ ಎರಡು ಆಜ್ಟೆಕ ಶಬ್ದಗಳನ್ನು ಉಚ್ಚರಿಸುತ್ತಾಳೆ.

ಈ ಸಸ್ಯಗಳು ಅಡಿಗೆಮನೆಯಲ್ಲಿ ನಿಲ್ಲದೆ ದೇವರಮನೆಯನ್ನೂ ಹೊಕ್ಕಿವೆ. ಚೆಂಡುಹೂವಿಗೆ ಆಜ್ಟೆಕರು ‘ಸೆಂಪೊವಾಲ್‌ಶೋಚಿತ್ಲ್’ ಎನ್ನುತ್ತಿದ್ದರು. ‘ಸೆಂಪೊವಾಲ್ಲಿ’ ಎಂದರೆ ಇಪ್ಪತ್ತು, ‘ಶೋಚಿತ್ಲ್’ ಎಂದರೆ ಹೂವು. ಎಣಿಕೆಗೆ ಇಪ್ಪತ್ತೇ ಪೂರ್ಣವಾದ ಜನರಲ್ಲಿ ಇದು ಬಹುದಳಪುಷ್ಪವೆಂದರ್ಥ. ಮೆಕ್ಸಿಕೋದಲ್ಲಿ ನವೆಂಬರ್ ಮೊದಲ ಎರಡು ದಿನ ಮೃತರನ್ನು ಸ್ಮರಿಸುವ ಹಬ್ಬಕ್ಕೆ ಈ ಹೂವು ಇಂದಿಗೂ ಬೇಕು. ಇಲ್ಲಿ ದೀಪಾವಳಿಯ ಬಾಗಿಲಿಗೂ ಸಗಣಿಯ ಹಟ್ಟೆವ್ವನಿಗೂ ಇದೇ ಹೂವು ಏರುವುದು. ರಾಜಗಿರಿಯ ಕಾಳಿನ ಹಿಟ್ಟಿನಿಂದ ಆಜ್ಟೆಕರು ದೇವತಾಮೂರ್ತಿಗಳನ್ನು ಮಾಡಿ ಪೂಜಿಸಿ ಪ್ರಸಾದವಾಗಿ ಹಂಚಿಕೊಂಡು ತಿನ್ನುತ್ತಿದ್ದರು. ಇಲ್ಲಿ ಅದು ಧಾನ್ಯವಲ್ಲವೆಂದು ಏಕಾದಶಿಗೆ ಸಲ್ಲುವುದು. ಏಕಾದಶಿಯ ಎಲೆಯಲ್ಲಿರುವ ಸಾಬುದಾನಿ, ಶೇಂಗಾ, ಬಟಾಟೆ, ಹಸಿಮೆಣಸಿನಕಾಯಿ, ರಾಜಗಿರಿ ಇವೆಲ್ಲವೂ ಅಮೇರಿಕದ ಸಸ್ಯಗಳಿಂದ ಆದುವು. ಆಚಾರದಲ್ಲಿ ಅತ್ಯಂತ ಕಟ್ಟುನಿಟ್ಟಾದ ಊಟವೇ ಅತ್ಯಂತ ದೂರದಿಂದ ಬಂದುದಾಗಿದೆ.

೬. ಉಪಸಂಹಾರ

ಬಂದ ವಸ್ತುಗಳನ್ನು ಎಣಿಸುವಾಗ ಬಾರದವುಗಳನ್ನೂ ಎಣಿಸಬೇಕು. ಆಜ್ಟೆಕರ ಹೆಂಗಸರು ಗೋವಿನಜೋಳವನ್ನು ಸುಣ್ಣದ ನೀರಿನಲ್ಲಿ ಬೇಯಿಸಿ ನೆನೆಯಿಟ್ಟು, ಸಿಪ್ಪೆ ಕಳೆದು, ಕಲ್ಲಿನ ಮೇಲೆ ಅರೆದು, ಮಣ್ಣಿನ ಹಂಚಿನ ಮೇಲೆ ರೊಟ್ಟಿ ಸುಡುತ್ತಿದ್ದರು. ಸುಣ್ಣದಿಂದ ಆ ಧಾನ್ಯದಲ್ಲಿ ಅಡಗಿದ ಪೋಷಕಾಂಶವೊಂದು ದೇಹಕ್ಕೆ ದಕ್ಕುವಂತಾಗುವುದು. ಹಾಗೆ ಮಾಡದೆ ಅದನ್ನೇ ಮುಖ್ಯಾಹಾರವಾಗಿ ಉಂಡ ಇತರ ದೇಶಗಳ ಬಡವರು ಪೆಲ್ಲಾಗ್ರವೆಂಬ ರೋಗದಿಂದ ನರಳಿದರು. ಬೀಜವು ಹಡಗನ್ನೇರಿತು, ಅದನ್ನು ಉಣ್ಣುವ ವಿದ್ಯೆಯು ಹಿಂದೆ ಉಳಿಯಿತು. ಏಕೆಂದರೆ ಬೀಜವನ್ನು ತಂದವರು ಆ ವಿದ್ಯೆಯನ್ನು ಬಲ್ಲವರಾಗಿರಲಿಲ್ಲ, ಬಲ್ಲವರನ್ನು ಕೇಳಲೂ ಇಲ್ಲ. ಅವರ ಚಿತ್ರಪುಸ್ತಕಗಳಲ್ಲಿ ಬಹುಪಾಲು ಬೆಂಕಿಗೆ ಬಿದ್ದುವು. ಸಾಹಗೂನ್ ಎಂಬ ಸಂನ್ಯಾಸಿಯು ವೃದ್ಧರಾದ ಆಜ್ಟೆಕರನ್ನು ವಿಚಾರಿಸಿ, ನಹುವಾತ್ಲ ಮತ್ತು ಸ್ಪ್ಯಾನಿಷ್ ಭಾಷೆಗಳಲ್ಲಿ ಹನ್ನೆರಡು ಭಾಗಗಳ ಗ್ರಂಥವನ್ನು ೧೫೭೭ರ ಸುಮಾರಿಗೆ ಮುಗಿಸಿದುದರಿಂದ ಇಷ್ಟಾದರೂ ತಿಳಿದಿದೆ.

ಆಜ್ಟೆಕರು ಅಳಿದುಹೋದರೆಂಬುದು ಸರಿಯಲ್ಲ. ೨೦೨೦ರ ಜನಗಣತಿಯಂತೆ ಮೆಕ್ಸಿಕೋದಲ್ಲಿ ನಹುವಾತ್ಲವನ್ನು ಆಡುವವರು ಹದಿನಾರು ಲಕ್ಷಕ್ಕೂ ಮೇಲ್ಪಟ್ಟಿದ್ದಾರೆ. ಅವರ ಪೂರ್ವಜರ ರಾಜ್ಯವನ್ನು ಒಬ್ಬರು ಶಸ್ತ್ರದಿಂದ ಕಸಿದುಕೊಂಡರು. ಅವರ ಪಂಚಾಂಗವೂ ಆಟವೂ ದೇವಾಲಯವೂ ನಮ್ಮವರಿಂದಲೇ ಹೋದುವೆಂದು ಈಗ ಹೇಳಿದರೆ, ಉಳಿದ ಕೀರ್ತಿಯನ್ನೂ ವಾದದಿಂದ ಕಸಿದುಕೊಂಡಂತಾಗುವುದು. ವಿದ್ಯೆಯಲ್ಲಿ ಭರತಖಂಡವು ದರಿದ್ರವಲ್ಲವಾದ್ದರಿಂದ ಪರರ ಸ್ವತ್ತನ್ನು ತನ್ನದೆನ್ನಬೇಕಾದ ಅಗತ್ಯವೂ ಅದಕ್ಕಿಲ್ಲ. ಗೊಳಸಂಗಿಯ ಸೀಮೆಯ ರೊಟ್ಟಿಯ ಮೇಲಣ ಕೆಂಪು ಖಾರವು ಮೆಕ್ಸಿಕೋದ ಒಕ್ಕಲಿಗರು ಸಹಸ್ರಾರು ವರ್ಷ ಆರಿಸಿ ಬಿತ್ತಿ ಬೆಳೆಸಿದ ಗಿಡದ ಫಲ. ಈ ಋಣವನ್ನು ಋಣವೆಂದು ಬರೆದಿಡುವುದೇ ಎರಡು ದೇಶಗಳ ಸಂಬಂಧವನ್ನು ಕುರಿತ ಯಥಾರ್ಥವಾದ ಲೆಕ್ಕ.